ಅಪ್ಪ-ಅಮ್ಮ ಊರಿಗೆ ಬರುವ ಚಳಿಗಾಲ

ಪ್ರತಿ ವರ್ಷ ಜನವರಿ-ಫೆಬ್ರುವರಿ ಬಂತೆಂದರೆ ಚೀನಾದ ರೈಲು ನಿಲ್ದಾಣಗಳ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಪ್ರಕಟವಾಗುತ್ತವೆ. ಕಣ್ಣು ಹಾಯುವಷ್ಟು ದೂರ ತಲೆಗಳು. ಹೆಗಲ ಮೇಲೆ ಪಟ್ಟೆ ಪಟ್ಟೆಯ ಪ್ಲಾಸ್ಟಿಕ್ ಚೀಲ, ಕೈಯಲ್ಲಿ ಬಟ್ಟೆಬರೆ ತುಂಬಿದ ಪೇಂಟ್ ಡಬ್ಬಿ. ನಿಲ್ದಾಣದಲ್ಲಿ ಕಾಯುವಾಗ ಅದೇ ಡಬ್ಬಿ ಕೂರುವ ಪೀಠವೂ ಆಗುತ್ತದೆ. ಚಿತ್ರದ ಕೆಳಗಿನ ಅಡಿಬರಹ ಹೆಚ್ಚುಕಡಿಮೆ ಪ್ರತಿ ವರ್ಷವೂ ಒಂದೇ: ಹೊಸ ವರ್ಷದ ಹಬ್ಬಕ್ಕೆ ಊರಿಗೆ ಹೊರಟ ಜನಸಾಗರ.

ಅಡಿಬರಹ ಸುಳ್ಳಲ್ಲ, ಆದರೆ ಅದು ಅರ್ಧ ಮಾತ್ರ ನಿಜ. ಹಬ್ಬಕ್ಕೆ ಊರಿಗೆ ಹೋಗುವುದು ಎಲ್ಲ ದೇಶಗಳಲ್ಲೂ ಉಂಟು. ಯುಗಾದಿಯ ಹಿಂದಿನ ಸಂಜೆ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನಿಂತವರಿಗೆ ಆ ನೂಕುನುಗ್ಗಲು ಹೊಸದೇನಲ್ಲ. ಆದರೆ ನಗರದಲ್ಲಿ ದುಡಿಯುವ ಕನ್ನಡಿಗ ಊರಿಗೆ ಹೋಗುವುದು ಸಾಮಾನ್ಯವಾಗಿ ವೃದ್ಧ ತಂದೆ-ತಾಯಿಯನ್ನೋ ಅಣ್ಣ-ತಮ್ಮಂದಿರನ್ನೋ ನೋಡಲು. ಚೀನಾದ ಆ ಗುಂಪಿನಲ್ಲಿ ನಿಂತ ಲಕ್ಷಾಂತರ ಮಂದಿ ಹೊರಟಿರುವುದು ತಮ್ಮ ಸ್ವಂತ ಮಕ್ಕಳನ್ನು ನೋಡಲು. ಗಂಡ-ಹೆಂಡತಿ ಇಬ್ಬರೂ ನಗರದಲ್ಲಿ, ಮಗು ಹಳ್ಳಿಯಲ್ಲಿ ಅಜ್ಜ-ಅಜ್ಜಿಯ ಬಳಿ. ಭೇಟಿ ವರ್ಷಕ್ಕೊಮ್ಮೆ, ಅದೂ ಕೊರೆಯುವ ಚಳಿಯಲ್ಲಿ. ಮಕ್ಕಳನ್ನು ಜೊತೆಯಲ್ಲೇ ಇಟ್ಟುಕೊಂಡರೆ ಆಗದೆ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಹುಡುಕಬೇಕಾದುದು ಪಂಚಾಂಗದಲ್ಲಲ್ಲ, ಒಂದು ಕಾನೂನಿನಲ್ಲಿ.

ಮೊದಲು ಪಂಚಾಂಗದ ಮಾತನ್ನೇ ಮುಗಿಸೋಣ. ಚೀನೀಯರು 'ವಸಂತೋತ್ಸವ' ಎಂದು ಕರೆಯುವ ಈ ಹೊಸ ವರ್ಷ ಜನವರಿ 21ರಿಂದ ಫೆಬ್ರುವರಿ 20ರ ನಡುವಿನ ಅಮಾವಾಸ್ಯೆಯಂದು ಬೀಳುತ್ತದೆ. ನಮ್ಮ ಲೆಕ್ಕದಲ್ಲಿ ಅದು ಪುಷ್ಯ ಅಥವಾ ಮಾಘ ಬಹುಳದ ಅಮಾವಾಸ್ಯೆ. 2025ರಲ್ಲಿ ಜನವರಿ 29ರಂದು ಬಂದಿತ್ತು; ಪ್ರಯಾಗದ ಕುಂಭಮೇಳದಲ್ಲಿ ಮೌನಿ ಅಮಾವಾಸ್ಯೆಯ ಸ್ನಾನ ನಡೆದದ್ದೂ ಅದೇ ದಿನ. ಹೆಸರಿನಲ್ಲಿ ವಸಂತವಿದ್ದರೂ ಚೀನಾದ ಬಹುಭಾಗದಲ್ಲಿ ಆಗ ನಡುಚಳಿಗಾಲ. ಹಬ್ಬಕ್ಕೆ 15 ದಿನ ಮೊದಲು ಆರಂಭವಾಗಿ ಹಬ್ಬದ ನಂತರ 25 ದಿನಗಳವರೆಗೆ, ಒಟ್ಟು 40 ದಿನಗಳ ವಿಶೇಷ ಸಾರಿಗೆ ಅವಧಿಯನ್ನು ಸರ್ಕಾರ ಘೋಷಿಸುತ್ತದೆ. ಅದರ ಹೆಸರು 'ಚುನ್‌ಯುನ್', ಅಂದರೆ ವಸಂತದ ಸಾರಿಗೆ.

2025ರ ಚುನ್‌ಯುನ್‌ನಲ್ಲಿ ಸುಮಾರು 900 ಕೋಟಿ ಪಯಣಗಳು ನಡೆದವು. ಇದು ತಲೆಯೆಣಿಕೆಯಲ್ಲ, ಪಯಣದ ಎಣಿಕೆ. ಒಬ್ಬನೇ ವ್ಯಕ್ತಿ ಎರಡು ಬಸ್, ಒಂದು ರೈಲು ಹತ್ತಿದರೆ ಮೂರು ಎಂದು ಲೆಕ್ಕ. ಸ್ವಂತ ಕಾರಿನಲ್ಲಿ ಹೋಗುವವರನ್ನೂ ಇತ್ತೀಚಿನ ವರ್ಷಗಳಲ್ಲಿ ಸೇರಿಸಲಾಗುತ್ತಿದೆ. ಒಟ್ಟು ಪಯಣಗಳಲ್ಲಿ ಶೇ 80ರಷ್ಟು ಅವೇ. ರೈಲಿನ ಪಾಲು ಸುಮಾರು 51 ಕೋಟಿ. ಕಾರುಗಳನ್ನು ಸೇರಿಸದ ಹಳೆಯ ಲೆಕ್ಕದಂತೆ 2019ರಲ್ಲಿ ಒಟ್ಟು ಪಯಣಗಳು ಸುಮಾರು 298 ಕೋಟಿ ಇದ್ದವು. ಆದ್ದರಿಂದ ಹಳೆಯ ಅಂಕಿಗಳ ಪಕ್ಕದಲ್ಲಿ ಹೊಸದನ್ನಿಟ್ಟು 'ಮೂರು ಪಟ್ಟು ಏರಿಕೆ' ಎಂದು ಬರೆಯುವುದು ಸರಿಯಲ್ಲ.

ಬೇಲಿಯಿಲ್ಲದ ಬೇಲಿ

1958ರ ಜನವರಿಯಲ್ಲಿ ಚೀನಾ ಒಂದು ಕುಟುಂಬ ನೋಂದಣಿ ನಿಯಮಾವಳಿಯನ್ನು ಜಾರಿಗೆ ತಂದಿತು. ಅದನ್ನು 'ಹುಕೋ' ಎನ್ನುತ್ತಾರೆ. ಪ್ರತಿಯೊಬ್ಬ ಪ್ರಜೆಯೂ ಒಂದು ನಿರ್ದಿಷ್ಟ ಸ್ಥಳದಲ್ಲಿ ನೋಂದಾಯಿತನಾಗಿರಬೇಕು ಮತ್ತು ಅವನು 'ಕೃಷಿಕ' ಅಥವಾ 'ಕೃಷಿಯೇತರ' ವರ್ಗಕ್ಕೆ ಸೇರಿರಬೇಕು ಎಂಬುದು ಅದರ ತಿರುಳು. ನೋಂದಣಿಯು ಹುಟ್ಟಿನಿಂದ ಬರುತ್ತಿತ್ತು. 1998ರವರೆಗೆ ಮಗುವಿಗೆ ತಾಯಿಯ ಹುಕೋ ಮಾತ್ರ ದಕ್ಕುತ್ತಿತ್ತು. ತಂದೆ ನಗರವಾಸಿಯಾದರೂ ತಾಯಿ ಹಳ್ಳಿಯವಳಾದರೆ ಮಗು ಹಳ್ಳಿಯದ್ದೇ.

ಧಾನ್ಯ, ಎಣ್ಣೆ, ಬಟ್ಟೆ ಎಲ್ಲವೂ ಪಡಿತರ ಚೀಟಿಯ ಮೇಲೆ ಸಿಗುತ್ತಿದ್ದ ಕಾಲದಲ್ಲಿ ಕೃಷಿಕ ನೋಂದಣಿಯವನು ನಗರಕ್ಕೆ ಬಂದರೆ ಅವನಿಗೆ ತಿನ್ನಲು ಸಿಗುತ್ತಿರಲಿಲ್ಲ. ಬೇಲಿ ಹಾಕದೆಯೇ ಜನರನ್ನು ಹಳ್ಳಿಯಲ್ಲಿ ನಿಲ್ಲಿಸಲು ಇಷ್ಟು ಸಾಕಾಗಿತ್ತು. 1978ರ ನಂತರ ಆರ್ಥಿಕ ಸುಧಾರಣೆಗಳು ಬಂದವು. ದಕ್ಷಿಣದ ಕರಾವಳಿಯಲ್ಲಿ ಶೆನ್‌ಝೆನ್, ಡಾಂಗುವಾನ್ ಮೊದಲಾದೆಡೆ ಕಾರ್ಖಾನೆಗಳು ಎದ್ದವು. ಅವಕ್ಕೆ ಕೈಗಳು ಬೇಕಿದ್ದವು. ಸಿಚುವಾನ್, ಹುನಾನ್, ಹುಬೆ, ಗುಯಿಝೌ ಪ್ರಾಂತ್ಯಗಳ ಹಳ್ಳಿಗಳಿಂದ ಯುವಕ-ಯುವತಿಯರು ಬಂದರು. ಪಡಿತರ ಚೀಟಿಯ ಪದ್ಧತಿಯೂ 1990ರ ದಶಕದ ಆರಂಭದಲ್ಲಿ ಕೊನೆಗೊಂಡಿತು. ಕೆಲಸ ಮಾಡಲು ಯಾರೂ ತಡೆಯಲಿಲ್ಲ. ಆದರೆ ನೋಂದಣಿ ಬದಲಾಗಲಿಲ್ಲ.

ಹೀಗೆ ಹುಟ್ಟಿಕೊಂಡ ವರ್ಗಕ್ಕೆ ಚೀನೀ ಭಾಷೆಯಲ್ಲಿ 'ನಾಂಗ್‌ಮಿನ್‌ಗಾಂಗ್' ಎಂಬ ಹೆಸರಿದೆ. ಅಕ್ಷರಶಃ 'ರೈತ-ಕಾರ್ಮಿಕ'. ಇಪ್ಪತ್ತು ವರ್ಷ ಕಾರ್ಖಾನೆಯಲ್ಲಿ ದುಡಿದರೂ, ಒಮ್ಮೆಯೂ ಗದ್ದೆಗೆ ಇಳಿಯದಿದ್ದರೂ, ದಾಖಲೆಯಲ್ಲಿ ಅವನು ರೈತನೇ. 2024ರ ಅಧಿಕೃತ ಅಂಕಿಗಳ ಪ್ರಕಾರ ಇಂತಹವರ ಸಂಖ್ಯೆ ಸುಮಾರು 30 ಕೋಟಿ; ಅವರಲ್ಲಿ ತಮ್ಮ ಊರಿನ ವ್ಯಾಪ್ತಿ ಬಿಟ್ಟು ಹೊರಗೆ ದುಡಿಯುವವರು 17 ಕೋಟಿಗೂ ಹೆಚ್ಚು.

ನೋಂದಣಿ ಇಲ್ಲದಿದ್ದರೆ ಆಗುವ ತೊಂದರೆಯೇನು? 2003ರವರೆಗೆ ಪರವಾನಗಿ ಪತ್ರ ತೋರಿಸದ ವಲಸಿಗನನ್ನು ಪೊಲೀಸರು ಹಿಡಿದು ಊರಿಗೆ ಅಟ್ಟಬಹುದಿತ್ತು. ಆ ವರ್ಷ ಮಾರ್ಚ್‌ನಲ್ಲಿ ಸುನ್ ಝಿಗಾಂಗ್ ಎಂಬ ಯುವ ಪದವೀಧರ ಗುವಾಂಗ್‌ಝೌ ನಗರದಲ್ಲಿ ಇಂತಹ ವಶದಲ್ಲಿದ್ದಾಗಲೇ ಥಳಿತಕ್ಕೊಳಗಾಗಿ ಸತ್ತ. ಸ್ಥಳೀಯ ಪತ್ರಿಕೆಯೊಂದು ಅದನ್ನು ಬಯಲಿಗೆಳೆದ ಮೇಲೆ ಎದ್ದ ಆಕ್ರೋಶದಿಂದ ಆ ಪದ್ಧತಿಯೇ ರದ್ದಾಯಿತು. ಅಟ್ಟುವ ಕಾಲ ಮುಗಿದ ಮೇಲೂ ಉಳಿದದ್ದು ಶಾಲೆಯ ಪ್ರಶ್ನೆ. ಇಡೀ ಕಥೆಯ ಗಂಟು ಇರುವುದು ಇಲ್ಲಿಯೇ.

ನಗರದ ಸರ್ಕಾರಿ ಶಾಲೆಗಳು ದೀರ್ಘಕಾಲ ಹೊರಗಿನ ಮಕ್ಕಳಿಂದ ಹೆಚ್ಚುವರಿ ಶುಲ್ಕ ಪಡೆಯುತ್ತಿದ್ದವು. ಇಲ್ಲವೇ ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ವಲಸಿಗರೇ ನಡೆಸುವ ಖಾಸಗಿ ಶಾಲೆಗಳು ಹುಟ್ಟಿಕೊಂಡವು. 2011ರ ಬೇಸಿಗೆಯಲ್ಲಿ ಬೀಜಿಂಗ್ ನಗರವೊಂದೇ ಇಂತಹ ಎರಡು ಡಜನ್‌ನಷ್ಟು ಶಾಲೆಗಳನ್ನು ಮುಚ್ಚಿಸಿತು. ಪ್ರಾಥಮಿಕ ಶಾಲೆ ಹೇಗೋ ಮುಗಿದರೂ ಮುಂದೆ 'ಗಾವೊಕಾವೊ' ಎಂಬ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆ ಇದೆ. ಅದನ್ನು ಮಗು ತನ್ನ ಹುಕೋ ಇರುವ ಪ್ರಾಂತ್ಯದಲ್ಲೇ ಬರೆಯಬೇಕು. 2012ರ ನಂತರ ನಿಯಮ ಸಡಿಲವಾಗಿದೆಯಾದರೂ ದೊಡ್ಡ ನಗರಗಳಲ್ಲಿ ಷರತ್ತುಗಳು ಬಿಗಿಯಾಗಿಯೇ ಇವೆ. ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಪಠ್ಯವೂ ಪ್ರಶ್ನೆಪತ್ರಿಕೆಯೂ ಬೇರೆಯಾಗುವುದುಂಟು. ಆದ್ದರಿಂದ ಪ್ರೌಢಶಾಲೆಯ ಹೊತ್ತಿಗಾದರೂ ಮಗುವನ್ನು ಊರಿಗೆ ಕಳುಹಿಸಲೇಬೇಕು. ಹೇಗೂ ಕಳುಹಿಸಬೇಕಾದ ಮೇಲೆ ಮೊದಲಿನಿಂದಲೇ ಅಲ್ಲಿ ಓದಲಿ ಎಂದು ಬಹಳಷ್ಟು ಪಾಲಕರು ತೀರ್ಮಾನಿಸುತ್ತಾರೆ. ಹತ್ತು-ಹನ್ನೆರಡು ಗಂಟೆಯ ಪಾಳಿ, ಕಾರ್ಖಾನೆಯ ಹಾಸ್ಟೆಲ್‌ನ ಬಂಕ್ ಹಾಸಿಗೆ. ಅಲ್ಲಿ ಮಗುವಿಗೆ ಜಾಗವಾದರೂ ಎಲ್ಲಿ?

ಹಾಗಾದರೆ ಹಳ್ಳಿಯ ನೋಂದಣಿಯನ್ನೇ ಬಿಟ್ಟುಬಿಡಬಹುದಲ್ಲ ಎನ್ನಬಹುದು. ಅದೂ ಸರಳವಲ್ಲ. ಹಳ್ಳಿಯ ಹುಕೋ ಇದ್ದವರಿಗೆ ಸಾಮೂಹಿಕ ಭೂಮಿಯಲ್ಲಿ ಸಾಗುವಳಿಯ ಪಾಲೂ ಮನೆ ಕಟ್ಟಲು ನಿವೇಶನವೂ ಸಿಗುತ್ತದೆ. ನಗರದಲ್ಲಿ ಕೆಲಸ ಹೋದರೆ, ಕಾಯಿಲೆ ಬಿದ್ದರೆ, ಹಿಂತಿರುಗಿ ಹೋಗಲು ಅದೊಂದು ನೆಲೆ. ಅದನ್ನು ಬಿಟ್ಟುಕೊಡಲು ಹಿಂಜರಿಯುವವರನ್ನು ದೂಷಿಸುವಂತಿಲ್ಲ.

2008ರ ಹಿಮ

ವರ್ಷಕ್ಕೊಮ್ಮೆಯ ಈ ಪಯಣ ಎಷ್ಟು ನಾಜೂಕಾದ ದಾರದ ಮೇಲೆ ನಿಂತಿತ್ತು ಎಂಬುದು ಜಗತ್ತಿಗೆ ತಿಳಿದದ್ದು 2008ರ ಜನವರಿಯಲ್ಲಿ. ಆ ವರ್ಷ ಹಬ್ಬ ಫೆಬ್ರುವರಿ 7ಕ್ಕೆ ಇತ್ತು. ಜನವರಿ 10ರ ಸುಮಾರಿಗೆ ದಕ್ಷಿಣ ಹಾಗೂ ಮಧ್ಯ ಚೀನಾದಲ್ಲಿ ಹಿಮವೂ ಹೆಪ್ಪುಗಟ್ಟುವ ಮಳೆಯೂ ಆರಂಭವಾದವು. ಹಿಮಕ್ಕೆ ಒಗ್ಗಿದ ಉತ್ತರದ ಪ್ರಾಂತ್ಯಗಳಾಗಿದ್ದರೆ ಅಷ್ಟು ಹಾನಿಯಾಗುತ್ತಿರಲಿಲ್ಲ. ಇದು ದಕ್ಷಿಣ. ವಿದ್ಯುತ್ ತಂತಿಗಳ ಮೇಲೆ ಮಂಜುಗಡ್ಡೆ ತೋಳಿನ ಗಾತ್ರಕ್ಕೆ ಕಟ್ಟಿಕೊಂಡು, ಭಾರ ತಾಳಲಾರದೆ ಗೋಪುರಗಳೇ ಉರುಳಿದವು. ಹುನಾನ್‌ನ ಚೆನ್‌ಝೌ ನಗರ ಹತ್ತಕ್ಕೂ ಹೆಚ್ಚು ದಿನ ಕತ್ತಲಲ್ಲಿ ಮುಳುಗಿತು. ಬೀಜಿಂಗ್-ಗುವಾಂಗ್‌ಝೌ ರೈಲುಮಾರ್ಗ ಹಾದುಹೋಗುವುದು ಅದೇ ದಾರಿಯಲ್ಲಿ. ವಿದ್ಯುತ್ ಇಲ್ಲದೆ ಎಂಜಿನ್‌ಗಳು ನಿಂತವು.

ಉತ್ತರದಿಂದ ರೈಲು ಬರದಿದ್ದರೆ ಗುವಾಂಗ್‌ಝೌದಿಂದ ರೈಲು ಹೊರಡುವುದೂ ಇಲ್ಲ. ಆ ನಗರದ ನಿಲ್ದಾಣದ ಮುಂದೆ ಲಕ್ಷಾಂತರ ಮಂದಿ ಮಳೆಯಲ್ಲಿ ಕೊಡೆ ಹಿಡಿದು, ಪ್ಲಾಸ್ಟಿಕ್ ಹೊದ್ದು ದಿನಗಟ್ಟಲೆ ನಿಂತರು. ಪೊಲೀಸರ ಜೊತೆ ಸೇನೆಯನ್ನೂ ನಿಯೋಜಿಸಲಾಯಿತು. ಪ್ರಧಾನಿ ವೆನ್ ಜಿಯಾಬಾವೊ ಸ್ವತಃ ಚಾಂಗ್‌ಶಾ ಮತ್ತು ಗುವಾಂಗ್‌ಝೌ ನಿಲ್ದಾಣಗಳಿಗೆ ಹೋಗಿ, ಕೈಯಲ್ಲಿ ಧ್ವನಿವರ್ಧಕ ಹಿಡಿದು ಪ್ರಯಾಣಿಕರ ಕ್ಷಮೆ ಕೋರಿದರು. ಅಲ್ಲಿನ ರಾಜಕಾರಣದಲ್ಲಿ ಅದು ಅಪರೂಪದ ದೃಶ್ಯ. ನಿಲ್ದಾಣ ತೆರೆದಾಗ ಉಂಟಾದ ಕಾಲ್ತುಳಿತದಲ್ಲಿ ಕಾರ್ಮಿಕ ಮಹಿಳೆಯೊಬ್ಬರು ಮೃತಪಟ್ಟರು. ಹಿಮದ ಅನಾಹುತದಲ್ಲಿ ದೇಶದಾದ್ಯಂತ ಸತ್ತವರು ನೂರಕ್ಕೂ ಹೆಚ್ಚು.

ಊರಿಗೆ ಹೋಗಬೇಡಿ, ಈ ವರ್ಷ ಇಲ್ಲೇ ಹಬ್ಬ ಮಾಡಿ ಎಂದು ಗುವಾಂಗ್‌ಡಾಂಗ್ ಪ್ರಾಂತ್ಯದ ಸರ್ಕಾರ ಕಾರ್ಮಿಕರಲ್ಲಿ ಮನವಿ ಮಾಡಿತು. ಬಹಳಷ್ಟು ಮಂದಿ ಟಿಕೆಟ್ ಹಿಂತಿರುಗಿಸಿದರು. ಉಳಿದವರು ಕದಲಲಿಲ್ಲ. ಹೊರಗಿನವರಿಗೆ ಅದು ಹಟಮಾರಿತನವಾಗಿ ಕಂಡಿರಬಹುದು. ಆದರೆ ಈ ವರ್ಷ ತಪ್ಪಿದರೆ ಮಗುವಿನ ಮುಖ ಕಾಣುವುದು ಮುಂದಿನ ಚಳಿಗಾಲಕ್ಕೆ ಎಂಬುದು ಅವರಿಗೆ ಗೊತ್ತಿತ್ತು.

ಹಳದಿ ಎತ್ತು, ಹಸಿರು ರೈಲು

ಹಿಮವಿಲ್ಲದ ವರ್ಷಗಳಲ್ಲೂ ಟಿಕೆಟ್ ಪಡೆಯುವುದೇ ಒಂದು ಯುದ್ಧವಾಗಿತ್ತು. ರಾತ್ರಿಯಿಡೀ ಕಿಟಕಿಯ ಮುಂದೆ ಸಾಲು. ಬೆಳಗ್ಗೆ ಕಿಟಕಿ ತೆರೆದ ಕೆಲವೇ ನಿಮಿಷಗಳಲ್ಲಿ 'ಟಿಕೆಟ್ ಮುಗಿದಿದೆ'. ಮುಗಿದ ಟಿಕೆಟ್ ಹೊರಗೆ ಕಾಳಸಂತೆಯಲ್ಲಿ ಸಿಗುತ್ತಿತ್ತು. ಅದನ್ನು ಮಾರುವವರಿಗೆ ಜನ ಇಟ್ಟ ಹೆಸರು 'ಹಳದಿ ಎತ್ತು'. ಟಿಕೆಟ್‌ನ ಮೇಲೆ ಹೆಸರಿಲ್ಲದ ಕಾರಣ ಯಾರ ಟಿಕೆಟ್ಟನ್ನು ಯಾರು ಬೇಕಾದರೂ ಬಳಸಬಹುದಿತ್ತು. 2010ರಲ್ಲಿ ಕೆಲವು ನಿಲ್ದಾಣಗಳಲ್ಲಿ ಪ್ರಯೋಗ ನಡೆಸಿ, 2012ರ ಜನವರಿ 1ರಿಂದ ಗುರುತಿನ ಚೀಟಿಯ ಆಧಾರದ ಟಿಕೆಟ್ ಪದ್ಧತಿಯನ್ನು ದೇಶದಾದ್ಯಂತ ಜಾರಿಗೊಳಿಸಲಾಯಿತು.

ಅದೇ ಚಳಿಗಾಲದಲ್ಲಿ ಅಂತರಜಾಲದ ಟಿಕೆಟ್ ಮಾರಾಟವೂ ವ್ಯಾಪಕವಾಯಿತು. ನೂಕುನುಗ್ಗಲಿನ ಭಾರಕ್ಕೆ ತಾಣ ಕುಸಿದದ್ದು ಒಂದು ಸುದ್ದಿ. ಆದರೆ ವೆನ್‌ಝೌ ನಗರದ ಒಬ್ಬ ಕಾರ್ಮಿಕ ರೈಲ್ವೆ ಸಚಿವಾಲಯಕ್ಕೆ ಬರೆದ ಪತ್ರ ಅದಕ್ಕಿಂತ ದೊಡ್ಡ ಸುದ್ದಿಯಾಯಿತು. ಸಾಲಿನಲ್ಲಿ ನಿಲ್ಲುವ ಶಕ್ತಿಯೊಂದೇ ಬಂಡವಾಳವಾಗಿದ್ದವರಿಗೆ ಈಗ ಆ ಅವಕಾಶವೂ ಇಲ್ಲವಾಯಿತು, ಕಂಪ್ಯೂಟರ್ ಬಲ್ಲವರು ಮನೆಯಲ್ಲೇ ಕೂತು ಟಿಕೆಟ್ ಕೊಳ್ಳುತ್ತಾರೆ ಎಂಬುದು ಅದರ ಸಾರ. ಮೊಬೈಲ್ ಫೋನ್ ಎಲ್ಲರ ಕೈಗೂ ಬಂದ ಮೇಲೆ ಆ ಅಂತರ ಕಡಿಮೆಯಾಯಿತು ಎನ್ನಬೇಕು.

ಹಸಿರು ಬಣ್ಣದ ಹಳೆಯ ರೈಲುಗಳ ಪಯಣ ಎಂತಹದಿತ್ತು? 'ಗಟ್ಟಿ ಆಸನ' ಎಂಬ ಅಗ್ಗದ ದರ್ಜೆ. ಅದೂ ಸಿಗದವರಿಗೆ 'ಆಸನರಹಿತ' ಟಿಕೆಟ್, ಬೆಲೆ ಮಾತ್ರ ಅಷ್ಟೇ. ಇಪ್ಪತ್ತು, ಮೂವತ್ತು ಗಂಟೆ ನಿಂತೇ ಹೋಗುವವರು, ಆಸನದ ಕೆಳಗೆ ಪತ್ರಿಕೆ ಹಾಸಿ ಮಲಗುವವರು. ಶೌಚಾಲಯದೊಳಗೂ ನಾಲ್ಕೈದು ಮಂದಿ ನಿಂತಿರುತ್ತಿದ್ದುದರಿಂದ ವಯಸ್ಕರ ಡೈಪರ್ ಧರಿಸಿ ರೈಲು ಹತ್ತುವವರ ವರದಿಗಳೂ ಬರುತ್ತಿದ್ದವು. ಬೋಗಿಯ ತುದಿಯ ಬಿಸಿನೀರಿನ ನಲ್ಲಿ, ರಟ್ಟಿನ ಬಟ್ಟಲಿನಲ್ಲಿ ನೂಡಲ್ಸ್, ಸೂರ್ಯಕಾಂತಿ ಬೀಜದ ಸಿಪ್ಪೆಯ ರಾಶಿ. ಆ ತಲೆಮಾರಿನ ಚೀನೀಯರ ನೆನಪಿನಲ್ಲಿ ಹಬ್ಬದ ವಾಸನೆಯೆಂದರೆ ಅರ್ಧ ಅದೇ.

2009ರ ಡಿಸೆಂಬರ್‌ನಲ್ಲಿ ವುಹಾನ್-ಗುವಾಂಗ್‌ಝೌ ನಡುವೆ ಅತಿವೇಗದ ರೈಲು ಆರಂಭವಾದಾಗ ಹತ್ತು ಗಂಟೆಗೂ ಹೆಚ್ಚಿನ ಪಯಣ ಮೂರು ಗಂಟೆಯ ಆಸುಪಾಸಿಗೆ ಇಳಿಯಿತು. 2024ರ ಅಂತ್ಯಕ್ಕೆ ಅತಿವೇಗದ ರೈಲುಮಾರ್ಗದ ಒಟ್ಟು ಉದ್ದ 48,000 ಕಿಲೋಮೀಟರ್ ತಲುಪಿತ್ತು. ದರ ಹೆಚ್ಚು ಎಂಬ ಗೊಣಗಾಟ ಈಗಲೂ ಇದೆ. ಗುವಾಂಗ್‌ಡಾಂಗ್‌ನಿಂದ ಪಕ್ಕದ ಗುವಾಂಗ್ಶಿ ಕಡೆಗೆ ಮೋಟಾರ್‌ಬೈಕ್‌ಗಳಲ್ಲೇ ಊರಿಗೆ ಹೋಗುವ ದೊಡ್ಡ ದಂಡೊಂದಿತ್ತು. ಹೆಂಡತಿ ಹಿಂದೆ, ಮಗು ನಡುವೆ, ಮೊಣಕಾಲಿಗೆ ಪ್ಲಾಸ್ಟಿಕ್ ಸುತ್ತಿಕೊಂಡು, ಚಳಿ ಮಳೆಯಲ್ಲಿ ನೂರಾರು ಕಿಲೋಮೀಟರ್. ದಾರಿಯಲ್ಲಿ ಪೊಲೀಸರು ಶುಂಠಿ ಕಷಾಯ, ಬಿಸಿ ಗಂಜಿ ಕೊಡುವ ವ್ಯವಸ್ಥೆ ಮಾಡುತ್ತಿದ್ದರು. ರೈಲೂ ಕಾರೂ ಹೆಚ್ಚಿದಂತೆ ಆ ದಂಡು ವರ್ಷ ವರ್ಷಕ್ಕೂ ಕರಗಿದೆ. ಈಗ ಹೆದ್ದಾರಿಯಲ್ಲಿ ಕಾರುಗಳ ಸರದಿ. 2024ರ ಫೆಬ್ರುವರಿಯಲ್ಲಿ ಹುಬೆ, ಹುನಾನ್‌ಗಳಲ್ಲಿ ಮತ್ತೆ ಹಿಮ ಸುರಿದಾಗ ಸಾವಿರಾರು ವಾಹನಗಳು ಗಂಟೆಗಟ್ಟಲೆ ಅಲ್ಲಲ್ಲೇ ಸಿಕ್ಕಿಬಿದ್ದವು.

ಊರಿನ ಮನೆ

ಪಯಣದ ಬಗ್ಗೆ ಬರೆದಷ್ಟು ಪಯಣ ಮುಗಿದ ಮೇಲಿನ ಕೆಲವು ದಿನಗಳ ಬಗ್ಗೆ ಹೊರಗಿನವರು ಬರೆಯುವುದಿಲ್ಲ. ನಗರದ ಕಾರ್ಮಿಕ ಊರು ತಲುಪಿದಾಗ ಮೊದಲು ಎದುರಾಗುವುದು ಚಳಿ. ಚೀನಾದಲ್ಲಿ ಛಳಿಗಾಲದ ಬೆಚ್ಚನೆಗೂ ಒಂದು ಗಡಿರೇಖೆಯಿದೆ. ಚಿನ್‌ಲಿಂಗ್ ಪರ್ವತ ಹಾಗೂ ಹುವಾಯ್ ನದಿಯ ಉತ್ತರಕ್ಕಿರುವ ನಗರಗಳಿಗೆ ಮಾತ್ರ ಕೊಳವೆಗಳ ಮೂಲಕ ಸಾಮೂಹಿಕ ಶಾಖ ಒದಗಿಸುವುದೆಂದು 1950ರ ದಶಕದಲ್ಲೇ ತೀರ್ಮಾನವಾಯಿತು. ಹಳ್ಳಿಗಳಿಗೆ ಆ ಸೌಲಭ್ಯ ಎರಡೂ ಕಡೆ ಬಹುಮಟ್ಟಿಗೆ ದಕ್ಕಲಿಲ್ಲ.

ಉತ್ತರದ ಹಳ್ಳಿಗಳು ತಮ್ಮದೇ ಉಪಾಯ ಕಂಡುಕೊಂಡಿವೆ. ಅಲ್ಲಿ 'ಕಾಂಗ್' ಎಂಬ ಇಟ್ಟಿಗೆಯ ಜಗಲಿ ಇರುತ್ತದೆ. ಅಡುಗೆ ಒಲೆಯ ಹೊಗೆ ಅದರೊಳಗಿನ ಸುರಂಗಗಳಲ್ಲಿ ಹಾದು ಚಿಮಣಿ ಸೇರುತ್ತದೆ. ಹೊರಗೆ ತಾಪಮಾನ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೂ ಜಗಲಿ ಬೆಚ್ಚಗಿರುತ್ತದೆ. ಮನೆಮಂದಿಯೆಲ್ಲ ಅದರ ಮೇಲೆ ಕೂತು ಉಣ್ಣುತ್ತಾರೆ, ಅಲ್ಲೇ ಮಲಗುತ್ತಾರೆ. ದಕ್ಷಿಣದ ಹುನಾನ್, ಸಿಚುವಾನ್ ಹಳ್ಳಿಗಳಲ್ಲಿ ಚಳಿ ಅಷ್ಟು ಕೆಳಗಿಳಿಯುವುದಿಲ್ಲ. ಆದರೆ ತೇವದ ಚಳಿ, ಕಾಂಗ್ ಇಲ್ಲ. ಮೇಜಿನ ಕೆಳಗೆ ಇದ್ದಿಲ ಅಗ್ಗಿಷ್ಟಿಕೆ ಇಟ್ಟು, ಮೇಲೆ ದಪ್ಪ ರಜಾಯಿ ಹೊದಿಸಿ, ಸುತ್ತಲೂ ಕೂತವರು ಅದರೊಳಗೆ ಕಾಲು ಚಾಚುತ್ತಾರೆ. ಮನೆಯೊಳಗೂ ಕೋಟು ತೆಗೆಯುವಂತಿಲ್ಲ. ನಗರದಲ್ಲಿ ಬೆಳೆದ ಸೊಸೆ ಮೊದಲ ಬಾರಿಗೆ ಇಂತಹ ಮನೆಗೆ ಬಂದು ಪಡುವ ಪಾಡು ಚೀನಾದಲ್ಲಿ ಪ್ರತಿ ವರ್ಷ ಹೊಸದಾಗಿ ಚರ್ಚೆಯಾಗುವ ಹಳೆಯ ವಿಷಯ.

ಮನೆಗಳಾದರೂ ದೊಡ್ಡವು. ವಲಸೆಯ ದುಡ್ಡಿನಿಂದ ಕಟ್ಟಿದ ಎರಡು-ಮೂರು ಅಂತಸ್ತಿನ, ಮುಂಭಾಗಕ್ಕೆ ಹೊಳೆಯುವ ಟೈಲ್ಸ್ ಅಂಟಿಸಿದ ಮನೆಗಳು. ಮಗನ ಮದುವೆಯಾಗಬೇಕಾದರೆ ಊರಿನಲ್ಲಿ ಮನೆ ಎದ್ದಿರಬೇಕು. ವರ್ಷದ ಹನ್ನೊಂದು ತಿಂಗಳು ಅಂತಹ ಮನೆಯ ಕೆಳಗಿನ ಒಂದೆರಡು ಕೋಣೆಗಳಲ್ಲಿ ಅಜ್ಜ-ಅಜ್ಜಿ ಮತ್ತು ಮೊಮ್ಮಗು. ಮೇಲಿನ ಅಂತಸ್ತುಗಳಿಗೆ ಬೀಗ.

ಹಬ್ಬದ ಸಿದ್ಧತೆ ಹಿಂದಿನ ತಿಂಗಳಲ್ಲೇ ಆರಂಭವಾಗಿರುತ್ತದೆ. ಮನೆಯಲ್ಲಿ ಸಾಕಿದ ಹಂದಿಯನ್ನು ಕಡಿದು, ಉಪ್ಪು ಸವರಿ, ಒಲೆಯ ಮೇಲ್ಗಡೆ ತೂಗುಹಾಕಿದ ಮಾಂಸ ಹೊಗೆಯಲ್ಲಿ ಕಪ್ಪಾಗುತ್ತಿರುತ್ತದೆ. ಹನ್ನೆರಡನೆಯ ತಿಂಗಳ 23 ಅಥವಾ 24ರಂದು ಅಡುಗೆಮನೆಯ ದೇವರನ್ನು ಸ್ವರ್ಗಕ್ಕೆ ಬೀಳ್ಕೊಡುತ್ತಾರೆ. ಮನೆಯವರ ವರ್ಷದ ನಡತೆಯ ವರದಿಯನ್ನು ಆತ ಅಲ್ಲಿ ಒಪ್ಪಿಸಬೇಕು. ವರದಿ ಸಿಹಿಯಾಗಿರಲೆಂದು, ಅಥವಾ ಬಾಯಿ ಅಂಟಿಕೊಳ್ಳಲೆಂದು, ಅಂಟಂಟಾದ ಮಿಠಾಯಿಯ ನೈವೇದ್ಯ. ದೇವರಿಗೂ ಲಂಚ ಎಂದು ನಗುವ ಮುನ್ನ ನಮ್ಮ ಹರಕೆಗಳನ್ನೂ ನೆನೆಯಬಹುದು. ಬಾಗಿಲಿನ ಎರಡೂ ಬದಿ ಕೆಂಪು ಕಾಗದದ ಜೋಡಿ ಸಾಲುಗಳು. ಹಬ್ಬದ ಹಿಂದಿನ ರಾತ್ರಿಯ ಊಟಕ್ಕೆ ಇಡೀ ಮೀನು ಇರಲೇಬೇಕು, ಅದನ್ನು ಪೂರ್ತಿ ತಿನ್ನಲೂ ಬಾರದು. ಚೀನೀ ಭಾಷೆಯಲ್ಲಿ 'ಮೀನು' ಮತ್ತು 'ಮಿಗುವುದು' ಎರಡಕ್ಕೂ ಉಚ್ಚಾರ ಒಂದೇ. ಉತ್ತರದವರಿಗೆ ಅಂದು ಕಡುಬಿನಂತಹ ಡಂಪ್ಲಿಂಗ್. ದಕ್ಷಿಣದವರಿಗೆ ಅಂಟಕ್ಕಿಯ ತಿನಿಸು. ಎರಡನೆಯ ದಿನ ಮದುವೆಯಾದ ಹೆಣ್ಣುಮಕ್ಕಳು ಗಂಡನೊಡನೆ ತವರಿಗೆ ಬರುತ್ತಾರೆ. ಮೊದಲ ದಿನ ಯಾರ ಮನೆಯಲ್ಲಿ ಎಂಬುದೇ ಈಚೆಗೆ ಗಂಡ-ಹೆಂಡಿರ ಜಗಳದ ವಸ್ತು. ಇಬ್ಬರೂ ಒಂಟಿ ಸಂತಾನವಾದರೆ ಎರಡೂ ಮನೆಗಳಲ್ಲಿ ಮುದುಕರು ದಾರಿ ಕಾಯುತ್ತಿರುತ್ತಾರೆ.

ಮದುವೆಯಾಗದೆ ಊರಿಗೆ ಬರುವವರ ಪಾಡು ಬೇರೆ. ಸಂಬಳ ಎಷ್ಟು, ಮದುವೆ ಯಾವಾಗ ಎಂಬ ಬಂಧುಗಳ ಪ್ರಶ್ನೆಗೆ ಹೆದರಿ ಹಬ್ಬದ ಮಟ್ಟಿಗೆ ಬಾಡಿಗೆ ಗೆಳೆಯ-ಗೆಳತಿಯನ್ನು ಕರೆತರುವವರೂ ಇದ್ದಾರೆ.

ಖಾಲಿ ಕೈಯಲ್ಲಿ ಬರುವುದಂತೂ ಅವಮಾನ. ಕಟ್ಟಡ ಕಾಮಗಾರಿಗಳಲ್ಲಿ ಕೂಲಿಯನ್ನು ವರ್ಷದ ಕೊನೆಗೆ ಒಟ್ಟಿಗೆ ಕೊಡುವ ರೂಢಿ ಬಹಳ ಕಾಲ ಇತ್ತು. ಕೊಡದೆ ಕೈ ಎತ್ತುವ ಗುತ್ತಿಗೆದಾರರೂ ಇದ್ದರು. 2003ರಲ್ಲಿ ಚಾಂಗ್‌ಚಿಂಗ್ ಭಾಗದ ಹಳ್ಳಿಯೊಂದಕ್ಕೆ ಹೋಗಿದ್ದ ಪ್ರಧಾನಿ ವೆನ್ ಅವರ ಮುಂದೆ ರೈತ ಮಹಿಳೆಯೊಬ್ಬಳು ಗಂಡನ ಎರಡು ಸಾವಿರ ಯುವಾನ್‌ಗೂ ಮಿಕ್ಕ ಕೂಲಿ ಬಾಕಿಯಿದೆ ಎಂದು ಹೇಳಿಕೊಂಡಳು. ಅಂದು ರಾತ್ರಿಯೇ ಹಣ ಕೈಸೇರಿತು. ದೇಶದಾದ್ಯಂತ ಬಾಕಿ ವಸೂಲಿಯ ಅಭಿಯಾನವೂ ಆರಂಭವಾಯಿತು. ವಲಸೆ ಕಾರ್ಮಿಕರ ಕೂಲಿ ಪಾವತಿಗೆಂದೇ ಪ್ರತ್ಯೇಕ ನಿಯಮಾವಳಿ ಬಂದದ್ದು ಮಾತ್ರ 2020ರ ಮೇ ತಿಂಗಳಲ್ಲಿ.

ಬಿಟ್ಟುಹೋದ ಮಕ್ಕಳು

ಊರಿನಲ್ಲಿ ಉಳಿದ ಮಕ್ಕಳನ್ನು ಚೀನಾದಲ್ಲಿ 'ಹಿಂದೆ ಉಳಿದ ಮಕ್ಕಳು' ಎನ್ನುತ್ತಾರೆ. ಎಷ್ಟು ಮಂದಿ ಎಂಬುದಕ್ಕೆ ಎರಡು ಲೆಕ್ಕಗಳಿವೆ, ಎರಡನ್ನೂ ಬೆರೆಸಬಾರದು. ತಂದೆ-ತಾಯಿಯರಲ್ಲಿ ಒಬ್ಬರಾದರೂ ಹೊರಗಿರುವ 18 ವರ್ಷದೊಳಗಿನ ಹಳ್ಳಿಯ ಮಕ್ಕಳು 6.1 ಕೋಟಿ ಎಂದು ಅಖಿಲ ಚೀನಾ ಮಹಿಳಾ ಒಕ್ಕೂಟ 2010ರ ಜನಗಣತಿಯ ಆಧಾರದಲ್ಲಿ ಅಂದಾಜಿಸಿತ್ತು. 2016ರಲ್ಲಿ ಸರ್ಕಾರ ವ್ಯಾಖ್ಯೆಯನ್ನೇ ಕಿರಿದುಗೊಳಿಸಿತು: ವಯಸ್ಸು 16ರೊಳಗೆ, ತಂದೆ-ತಾಯಿ ಇಬ್ಬರೂ ಹೊರಗೆ ಇರಬೇಕು, ಅಥವಾ ಒಬ್ಬರು ಹೊರಗಿದ್ದು ಮನೆಯಲ್ಲಿರುವವರು ಪಾಲನೆಗೆ ಅಸಮರ್ಥರಾಗಿರಬೇಕು. ಆ ಪ್ರಕಾರ ಸಿಕ್ಕ ಸಂಖ್ಯೆ 90.2 ಲಕ್ಷ. 2018ರ ಹೊತ್ತಿಗೆ ಅದು 70 ಲಕ್ಷದ ಆಸುಪಾಸಿಗೆ ಇಳಿಯಿತು. ಇಳಿಕೆ ನಿಜವೇ ಆದರೂ ಆರು ಕೋಟಿ ಒಂದು ಕೋಟಿಯೊಳಗೆ ಬಂದದ್ದರಲ್ಲಿ ವ್ಯಾಖ್ಯೆಯ ಪಾಲೇ ದೊಡ್ಡದು. ಬಹುಪಾಲು ಮಕ್ಕಳನ್ನು ನೋಡಿಕೊಳ್ಳುವವರು ಅಜ್ಜ-ಅಜ್ಜಿಯರೇ.

ಅಂಕಿಗಳ ಹಿಂದಿನ ಮುಖ ದೇಶಕ್ಕೆ ಕಂಡದ್ದು ಎರಡು ದುರಂತಗಳಿಂದ; ಎರಡೂ ನಡೆದದ್ದು ಬಡ ಪ್ರಾಂತ್ಯವಾದ ಗುಯಿಝೌನ ಬಿಜಿಯೆಯಲ್ಲಿ. 2012ರ ನವೆಂಬರ್‌ನ ಚಳಿರಾತ್ರಿಯಲ್ಲಿ ಐವರು ಹುಡುಗರು ಕಸದ ತೊಟ್ಟಿಯೊಳಗೆ ಆಶ್ರಯ ಪಡೆದು, ಬೆಚ್ಚಗಾಗಲು ಇದ್ದಿಲು ಉರಿಸಿ, ವಿಷಾನಿಲದಿಂದ ಸತ್ತರು. 2015ರ ಜೂನ್‌ನಲ್ಲಿ ಹೆತ್ತವರಿಲ್ಲದೆ ಒಂಟಿಯಾಗಿ ಬದುಕುತ್ತಿದ್ದ ಒಂದೇ ಮನೆಯ ನಾಲ್ವರು ಮಕ್ಕಳು ಕೀಟನಾಶಕ ಸೇವಿಸಿ ಪ್ರಾಣಬಿಟ್ಟರು. ಮರುವರ್ಷ ಸರ್ಕಾರ ಇಂತಹ ಮಕ್ಕಳ ರಕ್ಷಣೆಗೆ ಮಾರ್ಗಸೂಚಿ ಹೊರಡಿಸಿತು. ಸ್ಥಳೀಯ ಅಧಿಕಾರಿಗಳಿಗೆ ಹೊಣೆ ನಿಗದಿಯಾಯಿತು; ಪಾಲಕರಿಗೂ ಎಚ್ಚರಿಕೆ ಇತ್ತು.

ಇಂತಹ ಅತಿರೇಕಗಳ ಹೊರಗೆ ನಡೆಯುವುದು ಸದ್ದಿಲ್ಲದ ಸಂಗತಿ. ಒಂದು ವರ್ಷದ ನಂತರ ಬಂದ ತಾಯಿಯ ಹತ್ತಿರ ಮಗು ಹೋಗುವುದಿಲ್ಲ. ಅಜ್ಜಿಯ ಹಿಂದೆ ಅವಿತುಕೊಳ್ಳುತ್ತದೆ. ಎರಡು-ಮೂರು ದಿನಗಳಲ್ಲಿ ಮೆತ್ತಗೆ ಹತ್ತಿರವಾಗುವಷ್ಟರಲ್ಲಿ ತಾಯಿ ಚೀಲ ಕಟ್ಟತೊಡಗುತ್ತಾಳೆ. ಲಿಕ್ಸಿನ್ ಫಾನ್ ನಿರ್ದೇಶಿಸಿದ 2009ರ ಸಾಕ್ಷ್ಯಚಿತ್ರ 'ಲಾಸ್ಟ್ ಟ್ರೇನ್ ಹೋಮ್' ಗುವಾಂಗ್‌ಝೌನಲ್ಲಿ ದುಡಿಯುವ ದಂಪತಿ ಮತ್ತು ಸಿಚುವಾನ್‌ನ ಹಳ್ಳಿಯಲ್ಲಿ ಬೆಳೆದ ಅವರ ಮಗಳ ನಡುವಿನ ಇದೇ ಬಿರುಕನ್ನು ಹಿಂಬಾಲಿಸುತ್ತದೆ. ಯಾರಿಗಾಗಿ ದುಡಿದರೋ ಆ ಮಗಳೇ ಓದು ಬಿಟ್ಟು ಕಾರ್ಖಾನೆ ಸೇರುತ್ತಾಳೆ. ಈಗ ಮೊಬೈಲ್‌ನಲ್ಲಿ ದಿನವೂ ಮುಖ ಕಾಣಬಹುದು. ಹೋಮ್‌ವರ್ಕ್ ತಿದ್ದುವುದಕ್ಕೂ ಜ್ವರ ಬಂದಾಗ ಹಣೆ ಮುಟ್ಟುವುದಕ್ಕೂ ಅದು ಒದಗುವುದಿಲ್ಲ ಅಷ್ಟೆ.

ಮುದುಕರ ವಿಷಯದಲ್ಲಿ ಕಾನೂನೇ ಮುಂದೆ ಬಂದಿತು. 2013ರ ಜುಲೈ 1ರಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ, ವೃದ್ಧರಿಂದ ದೂರವಿರುವ ಕುಟುಂಬದವರು ಅವರನ್ನು ಆಗಾಗ ಭೇಟಿಯಾಗಬೇಕು ಅಥವಾ ವಿಚಾರಿಸಿಕೊಳ್ಳಬೇಕು. ಅದೇ ದಿನ ವುಶಿ ನಗರದ ನ್ಯಾಯಾಲಯ ಮಗಳೊಬ್ಬಳಿಗೆ ಎರಡು ತಿಂಗಳಿಗೊಮ್ಮೆಯಾದರೂ ತಾಯಿಯನ್ನು ನೋಡಬೇಕೆಂದು ಆದೇಶಿಸಿತು. ತಂದೆ-ತಾಯಿಯನ್ನು ನೋಡಲು ಹೋಗಬೇಕೆಂದು ಹೇಳುವ ಕಾನೂನು ಒಂದೆಡೆ, ಅವರನ್ನು ಜೊತೆಗೆ ತರಲು ಬಿಡದ ನೋಂದಣಿ ಇನ್ನೊಂದೆಡೆ. ಎರಡೂ ಒಂದೇ ಸರ್ಕಾರದವು.

ನಿಂತ ವರ್ಷಗಳು, ಬದಲಾದ ವರ್ಷಗಳು

2020ರಲ್ಲಿ ಹಬ್ಬ ಜನವರಿ 25ಕ್ಕೆ. ಎರಡು ದಿನ ಮೊದಲು, 23ರಂದು, ವುಹಾನ್ ನಗರವನ್ನು ಮುಚ್ಚಲಾಯಿತು. ಆ ವೇಳೆಗಾಗಲೇ ಲಕ್ಷಾಂತರ ಮಂದಿ ಅಲ್ಲಿಂದ ಊರುಗಳಿಗೆ ಹೊರಟುಹೋಗಿದ್ದರು. 2021ರಲ್ಲಿ 'ಇದ್ದಲ್ಲೇ ಹಬ್ಬ ಮಾಡಿ' ಎಂದು ಸರ್ಕಾರವೇ ಕರೆ ಕೊಟ್ಟಿತು. ಹಳೆಯ ಲೆಕ್ಕದ ಪಯಣಗಳ ಸಂಖ್ಯೆ ಸುಮಾರು 87 ಕೋಟಿಗೆ ಇಳಿಯಿತು. ಮೂರು ವರ್ಷ ಮಕ್ಕಳನ್ನು ನೋಡದ ಪಾಲಕರೂ ಇದ್ದರು. 2023ರ ಜನವರಿಯಲ್ಲಿ ನಿರ್ಬಂಧ ತೆರವಾದಾಗ ಇನ್ನೊಂದು ಭಯ: ನಗರದ ಸೋಂಕನ್ನು ಮಕ್ಕಳೇ ಹಳ್ಳಿಯ ಮುದುಕರಿಗೆ ತಲುಪಿಸಿದರೆ? ಹಳ್ಳಿಯ ಆಸ್ಪತ್ರೆಗಳ ಸ್ಥಿತಿ ಎಲ್ಲರಿಗೂ ಗೊತ್ತಿತ್ತು. ಆದರೂ ಜನ ಹೊರಟರು.

ಹುಕೋ ಸಡಿಲವಾಗುತ್ತಿಲ್ಲವೆ? ಆಗುತ್ತಿದೆ. ಕೃಷಿಕ-ಕೃಷಿಯೇತರ ಎಂಬ ಭೇದವನ್ನು ತೆಗೆಯುವುದಾಗಿ 2014ರಲ್ಲಿ ಘೋಷಿಸಲಾಯಿತು. ಸಣ್ಣ ಹಾಗೂ ಮಧ್ಯಮ ನಗರಗಳಲ್ಲಿ ನೋಂದಣಿ ಈಗ ಸುಲಭ. ಬೀಜಿಂಗ್, ಶಾಂಘೈನಂತಹ ಮಹಾನಗರಗಳು ಮಾತ್ರ ಅಂಕಗಳ ಪದ್ಧತಿ ಇಟ್ಟುಕೊಂಡಿವೆ: ವಿದ್ಯಾರ್ಹತೆಗೆ ಇಷ್ಟು, ತೆರಿಗೆಗೆ ಇಷ್ಟು, ಮನೆಗೆ ಇಷ್ಟು. ಇಟ್ಟಿಗೆ ಹೊರುವವನಿಗೆ ಅಂಕ ಸಿಗುವ ಕಲಮುಗಳು ಅದರಲ್ಲಿ ಕಡಿಮೆ. ಉದ್ಯೋಗ ಹೆಚ್ಚಿರುವಲ್ಲಿ ನೋಂದಣಿ ಕಷ್ಟ, ನೋಂದಣಿ ಸುಲಭವಿರುವಲ್ಲಿ ಉದ್ಯೋಗ ಕಡಿಮೆ. 2023ರ ಅಂತ್ಯಕ್ಕೆ ನಗರಗಳಲ್ಲಿ ವಾಸಿಸುವವರು ಜನಸಂಖ್ಯೆಯ ಶೇ 66ರಷ್ಟಿದ್ದರೆ ನಗರದ ನೋಂದಣಿ ಇದ್ದವರು ಶೇ 48ರಷ್ಟು ಮಾತ್ರ. ನಡುವಿನ ಅಂತರದಲ್ಲಿ ನಿಂತವರು ಸುಮಾರು 25 ಕೋಟಿ.

ಈಚೆಗೆ ಕಾಣುತ್ತಿರುವ ಒಂದು ಬದಲಾವಣೆಯೆಂದರೆ ಹಿಮ್ಮುಖ ಪಯಣ. ನಗರದಲ್ಲಿ ಸ್ವಂತ ಮನೆ ಮಾಡಿಕೊಂಡವರು ತಂದೆ-ತಾಯಿಯನ್ನೇ ಅಲ್ಲಿಗೆ ಕರೆಸಿಕೊಳ್ಳುತ್ತಿದ್ದಾರೆ. ಆ ದಿಕ್ಕಿನ ರೈಲುಗಳಲ್ಲಿ ಆಸನ ಸುಲಭ, ಕೆಲವಕ್ಕೆ ದರದಲ್ಲಿ ರಿಯಾಯಿತಿಯೂ ಉಂಟು. ಹಾಸ್ಟೆಲ್‌ನಲ್ಲಿ ಮಲಗುವವನಿಗೆ ಈ ಆಯ್ಕೆ ಇಲ್ಲ.

ಸರ್ಕಾರಿ ರಜೆ 2025ರಲ್ಲಿ ಎಂಟು ದಿನಗಳದ್ದಾಗಿತ್ತು. ಕಾರ್ಖಾನೆಗಳು ಹಬ್ಬದ ಎಂಟನೆಯ ದಿನದ ಸುಮಾರಿಗೆ ಬಾಗಿಲು ತೆರೆಯುತ್ತವೆ. ಸಮಯಕ್ಕೆ ಹಿಂತಿರುಗಿದವರಿಗೆ ಮಾಲೀಕರು ಕೆಂಪು ಲಕೋಟೆಯಲ್ಲಿ ಒಂದಿಷ್ಟು ಹಣ ಕೊಡುವ ರೂಢಿಯಿದೆ. ಹಳ್ಳಿಯಿಂದ ಹೊರಡುವ ಕಾರಿನ ಡಿಕ್ಕಿಯಲ್ಲಿ ಹೊಗೆಯಾಡಿಸಿದ ಮಾಂಸ, ಒಡೆಯದಂತೆ ಪೊಟ್ಟಣ ಕಟ್ಟಿದ ನಾಟಿ ಕೋಳಿಮೊಟ್ಟೆ, ಒಣಗಿಸಿದ ಸೊಪ್ಪು ತರಕಾರಿ ತುಂಬಿರುತ್ತದೆ. ರೈಲಿನಲ್ಲಿ ಹೋಗುವವರು ಟಿಕೆಟ್‌ಗಾಗಿ ಕೊನೆಗಳಿಗೆಯಲ್ಲಿ ಪರದಾಡುವಂತಿಲ್ಲ. ಮುಂಗಡ ಟಿಕೆಟ್ ಮಾರಾಟ ಆರಂಭವಾಗುವುದು ಪಯಣಕ್ಕೆ 15 ದಿನ ಮೊದಲು. ಆದ್ದರಿಂದ ಬಹಳಷ್ಟು ಕಾರ್ಮಿಕರು ನಗರಕ್ಕೆ ಮರಳುವ ಟಿಕೆಟ್ ಕೊಳ್ಳುವುದು ಊರಿಗೆ ಹೊರಡುವ ಮೊದಲೇ.